ನೆರಳು ಗಡಿಯಾರ

ನೆರಳು ಗಡಿಯಾರ: ಬಿಸಿಲಿಗೆ ನಿಲ್ಲಿಸಿದ ಕಡ್ಡಿಯ ನೆರಳಿನಿಂದ ಹೊತ್ತು ತಿಳಿಸುವ ಸಾಧನ. ಸೂರ್ಯ ಗಡಿಯಾರ, ಛಾಯಾಯಂತ್ರ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಇದರಲ್ಲಿ ಎರಡು ಬಗೆ. ಒಂದು, ನೆರಳಿನ ಉದ್ದವನ್ನು ಅಳೆದು ಹೊತ್ತು ಲೆಕ್ಕ ಹಾಕುವುದು. ಇನ್ನೊಂದು, ನೆರಳು ತಿರುಗಿದ ದಿಕ್ಕನ್ನು ಗೆರೆ ಕೊರೆದ ಫಲಕದ ಮೇಲೆ ನೇರವಾಗಿ ಓದಿಕೊಳ್ಳುವುದು. ದಖನ್ನಿನಲ್ಲಿ ಮೊದಲು ಬಂದದ್ದೂ ಬಹುಕಾಲ ಬಾಳಿದ್ದೂ ಮೊದಲನೆಯ ಬಗೆ. ಯಾವ ಬಗೆಯದಾದರೂ ಅದರ ಲೆಕ್ಕ ಒಂದು ಊರಿಗೆ ಕಟ್ಟುಬಿದ್ದದ್ದು. ಗೋಡೆ ಗಡಿಯಾರವನ್ನು ಯಾವ ಊರಿನ ಮೊಳೆಗಾದರೂ ತೂಗುಹಾಕಬಹುದು. ನೆರಳು ಗಡಿಯಾರವನ್ನು ಊರು ಬದಲಿಸಿ ಇಟ್ಟರೆ ಸುಳ್ಳು ಹೇಳುತ್ತದೆ. ಆದ್ದರಿಂದ ಈ ಲೇಖನದಲ್ಲಿ ವಿನ್ಯಾಸದ ಲೆಕ್ಕಗಳನ್ನು ಹೈದರಾಬಾದಿನ ಪಶ್ಚಿಮ ಅಂಚಿನ ಮಣಿಕೊಂಡಕ್ಕೆ (ಅಕ್ಷಾಂಶ ಸುಮಾರು 17.4 ಡಿಗ್ರಿ ಉತ್ತರ, ರೇಖಾಂಶ ಸುಮಾರು 78.4 ಡಿಗ್ರಿ ಪೂರ್ವ) ಹೊಂದಿಸಿ ಕೊಡಲಾಗಿದೆ.

ಶಂಕು

ಭಾರತೀಯ ಛಾಯಾಗಣಿತದ ಮೂಲ ಉಪಕರಣ ಶಂಕು, ಎಂದರೆ ಮಟ್ಟಸ ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಗೂಟ. ಯಜ್ಞವೇದಿ ಕಟ್ಟುವವರಿಗೆ ಹೊತ್ತಿಗಿಂತ ಮೊದಲು ದಿಕ್ಕು ಬೇಕಿತ್ತು. ಕಾತ್ಯಾಯನ ಶುಲ್ಬಸೂತ್ರ ಹೇಳುವ ಕ್ರಮ ಸರಳವಾಗಿದೆ: ಶಂಕುವಿನ ಸುತ್ತ ಒಂದು ವೃತ್ತ ಎಳೆದು, ನೆರಳಿನ ತುದಿ ಬೆಳಿಗ್ಗೆ ವೃತ್ತದೊಳಗೆ ಬರುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಬಿಂದುವನ್ನೂ ಗುರುತಿಸಬೇಕು. ಎರಡನ್ನೂ ಸೇರಿಸುವ ಗೆರೆಯೇ ಪೂರ್ವ–ಪಶ್ಚಿಮ. ಮುಂದೆ ಅರಬ್ ಖಗೋಳಜ್ಞರು ಈ ವೃತ್ತವನ್ನು ತಮ್ಮ ಭಾಷೆಯಲ್ಲಿ ‘ಹಿಂದೂ ವೃತ್ತ’ ಎಂದೇ ಕರೆದರು.

ಹೊತ್ತಿನ ಲೆಕ್ಕಕ್ಕೆ ಕೌಟಿಲ್ಯನ ಅರ್ಥಶಾಸ್ತ್ರ ಒಂದು ಪಟ್ಟಿಯನ್ನೇ ಕೊಡುತ್ತದೆ. ನೆರಳು ಎತ್ತರದ ಎಂಟು ಪಟ್ಟಿದ್ದರೆ ಹಗಲಿನ ಹದಿನೆಂಟನೆಯ ಒಂದು ಭಾಗ ಕಳೆದಿದೆ. ಆರು ಪಟ್ಟಿದ್ದರೆ ಹದಿನಾಲ್ಕನೆಯ ಒಂದು. ಮೂರು ಪಟ್ಟಿದ್ದರೆ ಎಂಟನೆಯ ಒಂದು. ನೆರಳೇ ಇಲ್ಲದಿದ್ದರೆ ನಡುಹಗಲು. ಸಿದ್ಧಾಂತಗಳೆಂಬ ಖಗೋಳ ಗ್ರಂಥಗಳ ಕಾಲಕ್ಕೆ ಶಂಕುವಿನ ಎತ್ತರ ಹನ್ನೆರಡು ಅಂಗುಲ ಎಂದು ನೆಲೆಗೊಂಡಿತು. ಹಗಲು ಇರುಳು ಸಮವಾಗಿರುವ ವಿಷುವದ ದಿನ, ಮಧ್ಯಾಹ್ನದಲ್ಲಿ ಈ ಶಂಕು ಚೆಲ್ಲುವ ನೆರಳಿಗೆ ಪಲಭೆ ಎಂದು ಹೆಸರು. ಊರಿನ ಅಕ್ಷಾಂಶವನ್ನು ಹೇಳುವ ಹಳೆಯ ರೀತಿ ಇದೇ. ಉಜ್ಜಯಿನಿಯ ಪಲಭೆ ಐದು ಅಂಗುಲಕ್ಕೆ ತುಸು ಹೆಚ್ಚು, ಬೆಂಗಳೂರಿನದು 2.8, ಮಣಿಕೊಂಡದ್ದು 3.8.

ನೃಪತುಂಗನ ಕಾಲದ ನೆರಳು ಲೆಕ್ಕ

ಮಣಿಕೊಂಡದಿಂದ ಪಶ್ಚಿಮಕ್ಕೆ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಇಂದು ಕಲಬುರಗಿ ಜಿಲ್ಲೆಯ ಊರು. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗ. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವೆಂಬ ರಾಷ್ಟ್ರಕೂಟ ರಾಜಧಾನಿ. ಆಗಿನ ದೊರೆ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆರಂಭದಲ್ಲೇ ಕೊಂಡಾಡಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಅದರ ಕೊನೆಯ ಅಧ್ಯಾಯ ಛಾಯಾವ್ಯವಹಾರ. ದಿಕ್ಕು ಹಿಡಿಯುವುದು, ನೆರಳಿನಿಂದ ಹೊತ್ತು ತಿಳಿಯುವುದು, ಕಂಬದ ಎತ್ತರ ಕಂಡುಹಿಡಿಯುವುದು, ನೆರಳು ನೆಲ ದಾಟಿ ಗೋಡೆ ಹತ್ತಿದಾಗ ಏನು ಮಾಡಬೇಕೆಂಬುದು – ಎಲ್ಲಕ್ಕೂ ಅಲ್ಲಿ ಸೂತ್ರವೂ ಮಾದರಿ ಲೆಕ್ಕವೂ ಇವೆ.

ಹೊತ್ತಿನ ಸೂತ್ರ ಹೀಗೆ: ನೆರಳು ಎತ್ತರದ ಎಷ್ಟು ಪಟ್ಟಿದೆಯೋ ಆ ಸಂಖ್ಯೆಗೆ ಒಂದು ಕೂಡಿಸಿ, ಎರಡರಿಂದ ಗುಣಿಸಿ, ಬಂದದ್ದರಿಂದ ಒಂದನ್ನು ಭಾಗಿಸಬೇಕು. ಸಿಕ್ಕಿದ್ದು ಹಗಲಿನಲ್ಲಿ ಕಳೆದ ಭಾಗ, ಮಧ್ಯಾಹ್ನದ ಮೇಲಾದರೆ ಉಳಿದ ಭಾಗ. ಮನುಷ್ಯನ ನೆರಳು ಅವನ ಮೂರು ಪಟ್ಟಿದ್ದರೆ ಮೂರಕ್ಕೆ ಒಂದು ಸೇರಿ ನಾಲ್ಕು, ಅದರ ಎರಡರಷ್ಟು ಎಂಟು. ಕಳೆದದ್ದು ಹಗಲಿನ ಎಂಟನೆಯ ಒಂದು ಭಾಗ. ಅರ್ಥಶಾಸ್ತ್ರದ ಪಟ್ಟಿ ಕೊಡುವ ಉತ್ತರವೂ ಇದೇ; ಪಟ್ಟಿಯ ಹಿಂದೆ ಅಡಗಿದ್ದ ನಿಯಮ ಇಲ್ಲಿ ಸೂತ್ರವಾಗಿದೆ.

ಈ ಸೂತ್ರ ಪಲಭೆಯೇ ಇಲ್ಲದ ನಾಡಿಗೆ, ಅಂದರೆ ವಿಷುವದ ಮಧ್ಯಾಹ್ನ ಸೂರ್ಯ ನೆತ್ತಿಗೆ ಬರುವ ಜಾಗಕ್ಕೆ ಹೇಳಿದ್ದು. ಅಲ್ಲಿ ನೆರಳು ಎತ್ತರದಷ್ಟೇ ಇದ್ದಾಗ ಹಗಲಿನ ಕಾಲುಭಾಗ, ಎಂದರೆ ಮೂರು ಗಂಟೆ ಕಳೆದಿದೆ ಎನ್ನುತ್ತದೆ ಸೂತ್ರ. ತ್ರಿಕೋನಮಿತಿಯೂ ಅದನ್ನೇ ಹೇಳುತ್ತದೆ. ನೆರಳು ಮೂರು ಪಟ್ಟಿದ್ದಾಗ ಮಾತ್ರ ಸೂತ್ರ ಒಂದೂವರೆ ಗಂಟೆ ಎಂದರೆ ನಿಜವಾದ ಉತ್ತರ ಒಂದು ಗಂಟೆ 14 ನಿಮಿಷ. ಹದಿನಾರು ನಿಮಿಷದ ತಪ್ಪು ಒಂದು ಗಳಿಗೆಗಿಂತ (24 ನಿಮಿಷ) ಕಡಿಮೆ. ಕೋಷ್ಟಕವಿಲ್ಲದೆ, ಬಾಯಿಲೆಕ್ಕದಲ್ಲಿ ಹೊತ್ತು ಹೇಳಬೇಕಾದವನಿಗೆ ಅಷ್ಟು ಸಾಕಿತ್ತು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದರಾಸಿನಲ್ಲಿ ಪ್ರಕಟವಾಯಿತು.

ಓರೆ ಕಡ್ಡಿ

ನೆಟ್ಟಗಿನ ಶಂಕುವಿಗೆ ಒಂದು ತೊಡಕಿದೆ. ಋತು ಬದಲಾದಂತೆ ಅದೇ ಹೊತ್ತಿನ ನೆರಳು ಬೇರೆ ದಿಕ್ಕಿಗೆ, ಬೇರೆ ಉದ್ದಕ್ಕೆ ಬೀಳುತ್ತದೆ. ಕಡ್ಡಿಯನ್ನು ಓರೆಯಾಗಿಸಿ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ, ಎಂದರೆ ಧ್ರುವ ನಕ್ಷತ್ರದತ್ತ ಮುಖಮಾಡಿ ನಿಲ್ಲಿಸಿದರೆ ಈ ತೊಡಕು ಇಲ್ಲವಾಗುತ್ತದೆ; ಒಂದು ಗಂಟೆಗೆ ಒಂದೇ ಗೆರೆ ವರ್ಷವಿಡೀ ಸಾಕು. ದಮಾಸ್ಕಸ್ಸಿನ ಉಮಯ್ಯದ್ ಮಸೀದಿಗಾಗಿ ಇಬ್ನ್ ಅಲ್-ಶಾತಿರ್ 1371ರಲ್ಲಿ ಮಾಡಿದ ಫಲಕ ಈ ಬಗೆಯ ಹಳೆಯ ಉದಾಹರಣೆಗಳಲ್ಲಿ ಹೆಸರುವಾಸಿ. ಇಸ್ಲಾಮಿನಲ್ಲಿ ಅಸರ್ (ಇಳಿಹೊತ್ತಿನ) ನಮಾಜಿನ ಹೊತ್ತು ನೆರಳಿನ ಉದ್ದದಿಂದಲೇ ನಿರ್ಧಾರವಾಗುವುದರಿಂದ ನೆರಳಿನ ಲೆಕ್ಕ ಬಲ್ಲವರಿಗೆ ಮಸೀದಿಗಳಲ್ಲಿ ಕೆಲಸವಿತ್ತು. ದಖನ್ನಿನಲ್ಲಿ ಕಲಬುರಗಿಯಿಂದ ಆಳಿದ ಫಿರೋಜ್ ಶಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯವೊಂದನ್ನು ಕಟ್ಟಿಸತೊಡಗಿದ, ಕೆಲಸ ಪೂರ್ತಿಯಾಗಲಿಲ್ಲ.

ಓರೆ ಅಂಚಿನ ಗಡಿಯಾರ ಭಾರತದಲ್ಲಿ ಶಿಖರ ಮುಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ, ರಾಜ ಸವಾಯಿ ಜಯಸಿಂಹ ಕಟ್ಟಿಸಿದ ವೀಕ್ಷಣಾಲಯಗಳಾದ ಜಂತರ್ ಮಂತರ್‌ಗಳಲ್ಲಿ. ಜೈಪುರದ ಬೃಹತ್ ಸಮ್ರಾಟ್ ಯಂತ್ರದ ಎತ್ತರ ಸುಮಾರು 27 ಮೀಟರ್. ಅದರ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುವುದು ಬರಿಗಣ್ಣಿಗೇ ಕಾಣುತ್ತದೆ. ಆದರೆ ಆಕಾಶದಲ್ಲಿ ಸೂರ್ಯನ ಬಿಂಬ ಅರ್ಧ ಡಿಗ್ರಿ ಅಗಲ. ತನ್ನ ಅಗಲದಷ್ಟು ಸರಿಯಲು ಅದಕ್ಕೆ ಎರಡು ನಿಮಿಷ ಬೇಕು. ಹೀಗಾಗಿ ನೆರಳಿನ ಅಂಚು ಎಷ್ಟು ದೊಡ್ಡ ಯಂತ್ರದಲ್ಲೂ ಮಸುಕಾಗಿಯೇ ಇರುತ್ತದೆ. ಅಂಚಿನ ಮುಂದೆ ತೆಳ್ಳನೆಯ ಕಡ್ಡಿಯೊಂದನ್ನು ಹಿಡಿದು ಅದರ ನೆರಳು ಮಾಯವಾಗುವ ಬಿಂದುವನ್ನು ಗುರುತಿಸಿದರೆ ಓದು ನಿಖರವಾಗುತ್ತದೆ.

ತೆಲುಗು ನಾಡಿನಲ್ಲಿ ಹೆಸರಾದದ್ದು ಅನ್ನವರದ ರತ್ನಗಿರಿ ಬೆಟ್ಟದ ಸತ್ಯನಾರಾಯಣ ದೇವಾಲಯದ ನೆರಳು ಗಡಿಯಾರ. ಪಿಡಪರ್ತಿ ಕೃಷ್ಣಮೂರ್ತಿ ಶಾಸ್ತ್ರಿ 1943ರಲ್ಲಿ ಅದನ್ನು ರೂಪಿಸಿದರು. ಕರ್ನಾಟಕದಲ್ಲಿ ಬಿಸಿಲನ್ನು ಗಂಟೆಗಿಂತ ಹೆಚ್ಚಾಗಿ ಪರ್ವದಿನಕ್ಕೆ ಹೊಂದಿಸಿದ ದೇವಾಲಯಗಳಿವೆ. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಜವಾಹರಲಾಲ್ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನವೆಂಬರ್ ಕೊನೆಯಲ್ಲೂ ಬಿಸಿಲು ಹೀಗೆಯೇ ಒಳಹೋಗುತ್ತದೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳಲ್ಲಿ ಆಯಾ ತಿಂಗಳ ಕಂಬದ ಮೇಲೆ ಸೂರ್ಯಕಿರಣ ಬೀಳುತ್ತದೆಂಬುದು ಸಂಪ್ರದಾಯದ ಮಾತು.

ಗಡಿಯಾರದ ಕಾಲ

ಹೈದರಾಬಾದಿನಲ್ಲಿ ಚಾರ್‌ಮಿನಾರಿನ ನಾಲ್ಕೂ ಮುಖಕ್ಕೆ 1889ರಲ್ಲಿ ಗಡಿಯಾರಗಳು ಬಂದವು. ನವಾಬ್ ಜಫರ್ ಜಂಗ್ 1901ರಲ್ಲಿ ನಿಜಾಮಿಯಾ ವೀಕ್ಷಣಾಲಯವನ್ನು ಸ್ಥಾಪಿಸಿದ. 1906ರ ಜನವರಿ 1ರಿಂದ 82.5 ಡಿಗ್ರಿ ರೇಖಾಂಶದ ಹೊತ್ತು ಭಾರತೀಯ ಪ್ರಮಾಣ ಸಮಯವಾಯಿತು. ಅಲ್ಲಿಂದ ಊರಿನ ಮಧ್ಯಾಹ್ನ ಬೇರೆ, ಗಡಿಯಾರದ ಹನ್ನೆರಡು ಬೇರೆ. ನೆರಳು ಗಡಿಯಾರ ಸಂಗ್ರಹದ ವಸ್ತುವಾಯಿತು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರ ವಿಭಾಗದಲ್ಲಿ, ಗಂಟೆಗಂಟೆಗೆ ಜನ ಮುತ್ತುವ ಸಂಗೀತ ಗಡಿಯಾರದ ಜೊತೆಗೆ ಸ್ತಂಭಾಕಾರದ ನೆರಳು ಗಡಿಯಾರಗಳೂ ಇವೆ.

ಮಣಿಕೊಂಡಕ್ಕೆ ವಿನ್ಯಾಸ

ಸಮತಲ ಫಲಕ: ಓರೆ ಅಂಚು ನೆಲದಿಂದ 17.4 ಡಿಗ್ರಿ ಏರಿ ನಿಜವಾದ ಉತ್ತರಕ್ಕೆ ಮುಖ ಮಾಡಿರಬೇಕು. ಹನ್ನೆರಡರ ಗೆರೆಯಿಂದ ಒಂದು ಗಂಟೆಯ ಗೆರೆ 4.6 ಡಿಗ್ರಿ ದೂರ, ಎರಡರದು 9.8, ಮೂರರದು 16.6, ನಾಲ್ಕರದು 27.4, ಐದರದು 48.1, ಆರರದು 90. ಬೆಳಗಿನ ಗೆರೆಗಳು ಇದೇ ಅಳತೆಯಲ್ಲಿ ಇನ್ನೊಂದು ಬದಿಗೆ. ಲಂಡನ್ನಿನ ಫಲಕದಲ್ಲಿ ಒಂದು ಗಂಟೆಯ ಗೆರೆಯೇ 11.8 ಡಿಗ್ರಿಗೆ ಸರಿದಿರುತ್ತದೆ. ದಖನ್ನಿನಲ್ಲಿ ನಡುಹಗಲಿನ ಗೆರೆಗಳು ಒತ್ತೊತ್ತಾಗಿ ಕೂತು ಬೆಳಗು ಸಂಜೆಯವು ಬಿಚ್ಚಿಕೊಳ್ಳುತ್ತವೆ. ಅಂಗಡಿಯಲ್ಲಿ ಅಲಂಕಾರಕ್ಕೆ ಕೊಂಡ ವಿದೇಶಿ ಮಾದರಿಯ ಹಿತ್ತಾಳೆ ಫಲಕ ಇಲ್ಲಿ ಹೊತ್ತು ತಪ್ಪುವುದಕ್ಕೆ ಕಾರಣ ಇದೇ.

ಗೋಡೆ ಫಲಕ: ಯುರೋಪಿನ ಚರ್ಚುಗಳ ದಕ್ಷಿಣ ಗೋಡೆಯಲ್ಲಿ ಕಾಣುವ ಮಾದರಿ ಮಣಿಕೊಂಡಕ್ಕೆ ಒಗ್ಗದು. ಮೇ 9ರ ಸುಮಾರಿನಿಂದ ಆಗಸ್ಟ್ 3ರ ಸುಮಾರಿನವರೆಗೆ ಸೂರ್ಯ ದಿನವಿಡೀ ಉತ್ತರದ ಕಡೆಯೇ ಇರುವುದರಿಂದ ಅಷ್ಟೂ ದಿನ ದಕ್ಷಿಣ ಗೋಡೆಗೆ ನೇರ ಬಿಸಿಲೇ ತಾಗುವುದಿಲ್ಲ.

ಧ್ರುವ ಫಲಕ: ಫಲಕವನ್ನೇ 17.4 ಡಿಗ್ರಿ ಓರೆ ಮಾಡಿ ಅದರ ಮೇಲೆ ಕಡ್ಡಿಯನ್ನು ಸಮಾಂತರವಾಗಿ ಎತ್ತಿ ಕೂರಿಸುವುದು. ಗೆರೆಗಳೆಲ್ಲ ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲುವುದರಿಂದ, ಫಲಕದ ಓರೆಯೂ ಅಲ್ಪವಾಗಿರುವುದರಿಂದ ಈ ಅಕ್ಷಾಂಶಕ್ಕೆ ಇದು ಅನುಕೂಲ.

ಗಡಿಯಾರದೊಂದಿಗೆ ತಾಳೆ: ಎರಡು ತಿದ್ದುಪಡಿ ಬೇಕು. ಒಂದು ರೇಖಾಂಶದ್ದು. ಮಣಿಕೊಂಡ ಪ್ರಮಾಣ ರೇಖೆಯಿಂದ ನಾಲ್ಕು ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕಿರುವುದರಿಂದ ಇಲ್ಲಿನ ನೆರಳು ಸರಾಸರಿ ಹದಿನಾರೂವರೆ ನಿಮಿಷ ಹಿಂದೆ. ಇನ್ನೊಂದು ಕಾಲ ಸಮೀಕರಣದ್ದು. ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷವೂ ಓರೆ. ಆದ್ದರಿಂದ ಸೂರ್ಯ ಫೆಬ್ರವರಿ ಮಧ್ಯದ ಹೊತ್ತಿಗೆ 14 ನಿಮಿಷ ಹಿಂದೆ ಬೀಳುತ್ತಾನೆ, ನವೆಂಬರ್ ಮೊದಲ ವಾರ 16 ನಿಮಿಷಕ್ಕೂ ಹೆಚ್ಚು ಮುಂದೆ ಓಡುತ್ತಾನೆ. ಎರಡನ್ನೂ ಕೂಡಿಸಿದರೆ ಮಣಿಕೊಂಡದ ತಿದ್ದದ ಫಲಕ ಫೆಬ್ರವರಿಯಲ್ಲಿ ಕೈಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದಿರುತ್ತದೆ. ನವೆಂಬರ್ ಮೊದಲ ವಾರ ಮಾತ್ರ ಎರಡೂ ಕೂಡಿಬರುತ್ತವೆ. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ಆ ಕೂಡುವಿಕೆಯೂ ಇಲ್ಲ. ಅಂಥ ಫಲಕ ಬೆಂಗಳೂರಿನಲ್ಲಿ ವರ್ಷದ ಯಾವ ದಿನವೂ ಮೂರು ನಿಮಿಷಕ್ಕಿಂತ ಹತ್ತಿರ ಬಾರದು. ಮಳಖೇಡದಲ್ಲಿ ಸುಮಾರು ಐದು ನಿಮಿಷಕ್ಕಿಂತ ಹತ್ತಿರ ಬಾರದು.

ಹವ್ಯಾಸ

ಯುರೋಪಿನಲ್ಲಿ ನೆರಳು ಗಡಿಯಾರಗಳನ್ನು ಹುಡುಕಿ ದಾಖಲಿಸುವ ಹವ್ಯಾಸಕ್ಕೆ ಮಾರ್ಗರೆಟ್ ಗ್ಯಾಟಿ 1872ರಲ್ಲಿ ಪ್ರಕಟಿಸಿದ ಪುಸ್ತಕ ದೊಡ್ಡ ಒತ್ತಾಸೆಯಾಯಿತು. ನೆರಳು ಗಡಿಯಾರದ ಆಸಕ್ತರ ಬ್ರಿಟಿಷ್ ಸಂಘ 1989ರಲ್ಲಿ, ಉತ್ತರ ಅಮೆರಿಕದ ಸಂಘ 1994ರಲ್ಲಿ ಹುಟ್ಟಿದವು. 2004ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ಗಾಡಿಗಳ ಮೇಲೂ ಪುಟ್ಟ ನೆರಳು ಫಲಕಗಳಿದ್ದವು. ಭಾರತದ ಹಳೆಯ ಖಗೋಳ ಉಪಕರಣಗಳನ್ನು ದೇಶ ವಿದೇಶದ ಸಂಗ್ರಹಾಲಯಗಳಲ್ಲಿ ಹುಡುಕಿ ಪಟ್ಟಿ ಮಾಡಿದ ದೊಡ್ಡ ಕೆಲಸ ಎಸ್.ಆರ್. ಶರ್ಮ ಅವರದು.

ದಕ್ಷಿಣ ಭಾರತದಲ್ಲಿ ಈ ಹವ್ಯಾಸಕ್ಕೆ ಹೆಬ್ಬಾಗಿಲಾದದ್ದು ಶೂನ್ಯ ನೆರಳಿನ ದಿನ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಹೈದರಾಬಾದಿನಲ್ಲಿ ಮೇ 9 ಮತ್ತು ಆಗಸ್ಟ್ 3ರ ಸುಮಾರಿಗೆ ಶಾಲೆಯ ಅಂಗಳದಲ್ಲಿ ಮಕ್ಕಳು ಬಾಟಲಿ, ಕೊಳವೆ ನಿಲ್ಲಿಸಿ ನೆರಳು ಬುಡಕ್ಕೆ ಸೇರಿಕೊಳ್ಳುವುದನ್ನು ಕಾಯುತ್ತಾರೆ. ಹೈದರಾಬಾದಿನಲ್ಲಿ ಮೇ ತಿಂಗಳ ದಿನ ಅದು ಗಡಿಯಾರದ 12 ಗಂಟೆ 12 ನಿಮಿಷದ ಆಸುಪಾಸಿನಲ್ಲಿ ಆಗುತ್ತದೆ, ಆಗಸ್ಟಿನಲ್ಲಿ ಸುಮಾರು 12 ಗಂಟೆ 22 ನಿಮಿಷಕ್ಕೆ. ಆದರೆ ಆಗಸ್ಟಿನ ದಿನಕ್ಕೆ ಮುಂಗಾರು ಮೋಡದ ಕಾಟ.

ಬಹುಮಹಡಿ ಕಟ್ಟಡಗಳು ಒತ್ತಿ ನಿಂತಿರುವ ಮಣಿಕೊಂಡದಂಥ ಬಡಾವಣೆಯಲ್ಲಿ ಈ ಹವ್ಯಾಸಕ್ಕೆ ಉಳಿದಿರುವ ಜಾಗ ಟೆರೇಸು. ಅಲ್ಲೂ ನೀರಿನ ಟ್ಯಾಂಕಿನ ನೆರಳನ್ನು ತಪ್ಪಿಸಬೇಕು. ನೀರುಮಟ್ಟದ ಕೊಳವೆ ಇಟ್ಟು ಇಳಿಜಾರು ನೋಡಿಕೊಳ್ಳಬೇಕು. ಕಾಂಕ್ರೀಟಿನೊಳಗಿನ ಕಬ್ಬಿಣದ ಸಲಾಕೆಗಳು ಸೂಜಿಯನ್ನು ಎಳೆಯುವುದರಿಂದ ದಿಕ್ಸೂಚಿಯನ್ನು ನಂಬುವಂತಿಲ್ಲ. ನಂಬಬಹುದಾದದ್ದು ಶುಲ್ಬಸೂತ್ರದ ಕ್ರಮವನ್ನೇ: ಒಂದು ಕಡ್ಡಿ, ಒಂದು ವೃತ್ತ, ಬೆಳಿಗ್ಗೆ ಒಂದು ಗುರುತು, ಮಧ್ಯಾಹ್ನದ ಮೇಲೆ ಒಂದು ಗುರುತು.