ಅಶ್ಲೀಲತೆಯ ಅಳತೆಗೋಲು

ಸಾರ್ವಜನಿಕ ಬದುಕಿಗೆ ಬಂದ ಹೆಣ್ಣಿನ ಮೇಲೆ ಅಂತರ್ಜಾಲದಲ್ಲಿ ನಡೆಯುವ ದಾಳಿಯನ್ನು ಅಳೆಯಲು ಭಾರತದ ಕಾನೂನು ಬಹುಮಟ್ಟಿಗೆ ಬಳಸಿಕೊಂಡು ಬಂದಿರುವುದು 1860ರ ಭಾರತೀಯ ದಂಡ ಸಂಹಿತೆಯ ಅಳತೆಗೋಲನ್ನು. ಅದರ 509ನೆಯ ಕಲಮು ಮಾತು, ಸನ್ನೆ ಅಥವಾ ಕೃತ್ಯದಿಂದ ಹೆಣ್ಣಿನ ಮಾನಕ್ಕೆ ಕುಂದು ತರುವುದನ್ನು ಅಪರಾಧವೆಂದಿತು. 292ನೆಯ ಕಲಮು ಅಶ್ಲೀಲ ಪುಸ್ತಕಗಳ ಮಾರಾಟವನ್ನು ತಡೆಯಿತು. ಎರಡೂ ಕಾಯಲು ಹೊರಟದ್ದು ಮರ್ಯಾದೆಯನ್ನೇ ಹೊರತು ಹೆಣ್ಣು ನಿರ್ಭಯವಾಗಿ ಮಾತನಾಡುವ ಹಕ್ಕನ್ನಲ್ಲ.

ಈ ಅಳತೆಗೋಲು ಹೆಣ್ಣಿನ ಮೇಲೆಯೇ ತಿರುಗಬಲ್ಲದೆಂಬುದಕ್ಕೆ, 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಪ್ರಕರಣವೇ ಸಾಕ್ಷಿ. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ 18ನೆಯ ಶತಮಾನದಲ್ಲಿ ತೆಲುಗಿನಲ್ಲಿ ರಚಿಸಿದ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು ಅವರು ಪರಿಷ್ಕರಿಸಿ 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದ ಮೂಲಕ ಹೊರತಂದರು. ಸ್ತ್ರೀಶಿಕ್ಷಣಕ್ಕಾಗಿ ದುಡಿದ ಕಂದುಕೂರಿ ವೀರೇಶಲಿಂಗಂ ಅವರೇ ಈ ಕಾವ್ಯವನ್ನು ಹೆಣ್ಣಿನ ಬಾಯಲ್ಲಿ ಬರಬಾರದ ಮಾತುಗಳೆಂದು ಜರೆದಿದ್ದರು. ವೀರೇಶಲಿಂಗಂ ಅವರೇ ಪರಿಷ್ಕರಿಸಿದ ‘ವೈಜಯಂತೀವಿಲಾಸಮು’ವಿನಲ್ಲಿರುವ ಶೃಂಗಾರವನ್ನು ಎತ್ತಿ ತೋರಿಸಿ, ಲಜ್ಜೆ ಹೆಂಗಸರಿಗೆ ಮಾತ್ರವೋ ಎಂದು ನಾಗರತ್ನಮ್ಮ ಕೇಳಿದರು. ಉತ್ತರ ಬರಲಿಲ್ಲ, ನಿಷೇಧ ಬಂತು. ಬ್ರಿಟಿಷ್ ಸರ್ಕಾರ ಅಶ್ಲೀಲವೆಂಬ ಕಾರಣಕ್ಕೆ ಮುಟ್ಟುಗೋಲು ಹಾಕಿದ ಆ ಪುಸ್ತಕಕ್ಕೆ ಬಿಡುಗಡೆ ಸಿಕ್ಕಿದ್ದು 1940ರ ದಶಕದಲ್ಲಿ. ಕವಯಿತ್ರಿಯೂ ಸಂಪಾದಕಿಯೂ ದೇವದಾಸಿ ಮನೆತನದವರೆಂಬುದು ಟೀಕಾಕಾರರ ಕೈಗೆ ಸುಲಭದ ಆಯುಧವಾಗಿತ್ತು.

ಇದೇ ಅಶ್ಲೀಲತೆಯ ವ್ಯಾಖ್ಯೆಯನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಕಲಮು ಹೆಚ್ಚುಕಡಿಮೆ ಹಾಗೆಯೇ ಅಂತರ್ಜಾಲಕ್ಕೆ ವಿಸ್ತರಿಸಿತು. ಮನನೋಯಿಸುವ ಸಂದೇಶಗಳನ್ನು ದಂಡಿಸಲು 2008ರ ತಿದ್ದುಪಡಿ ತಂದ 66ಎ ಕಲಮು ಅತಿ ಅಸ್ಪಷ್ಟವಾಗಿದ್ದುದರಿಂದ, 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಇವುಗಳಿಗಿಂತ ಹೆಚ್ಚು ಉಪಯುಕ್ತವಾದದ್ದು, ಹೆಣ್ಣಿನ ಬೆನ್ನುಬಿದ್ದು ಕಾಡುವುದನ್ನೂ ಆಕೆಯ ಅಂತರ್ಜಾಲ ಬಳಕೆಯ ಮೇಲೆ ಕಣ್ಣಿಡುವುದನ್ನೂ ಅಪರಾಧವಾಗಿಸಿದ, 2013ರಲ್ಲಿ ದಂಡ ಸಂಹಿತೆಗೆ ಸೇರಿದ 354ಡಿ ಕಲಮು.

2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’ ಮತ್ತು 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಎಂಬ ಆ್ಯಪ್‌ಗಳು ಪತ್ರಕರ್ತೆಯರೂ ಹೋರಾಟಗಾರ್ತಿಯರೂ ಸೇರಿದಂತೆ ಅನೇಕ ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಅವರ ಖಾತೆಗಳಿಂದಲೇ ತೆಗೆದು ಹರಾಜಿಗಿಟ್ಟಂತೆ ತೋರಿಸಿದವು. ಎರಡನೆಯದರಲ್ಲಿ ಮುಂಬಯಿ ಪೊಲೀಸರು ಮೊದಲು ವಶಕ್ಕೆ ಪಡೆದದ್ದು ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನನ್ನು. ಆ ಚಿತ್ರಗಳಲ್ಲಿ ಅಶ್ಲೀಲವಾದದ್ದೇನೂ ಇರಲಿಲ್ಲ. ಉದ್ದೇಶ ಬಾಯಿ ಮುಚ್ಚಿಸುವುದು. ಆದರೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಮು 509ರ ಮಾನದ ಮಾತನ್ನೇ ಉಳಿಸಿಕೊಂಡಿದೆ.