ಇಲಿಮರಿ ನುಡಿದ ಸಾಕ್ಷಿ

1957ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಮಲಗಿದರು. ಹಳ್ಳಿಯವರು ಎರಡನ್ನೂ ಕೂಡಿಸಿ ‘ಮಂಗನ ಕಾಯಿಲೆ’ ಎಂದರು. ವಿಜ್ಞಾನಿಗಳು ಅದೇ ನಂಟನ್ನು ರುಜುವಾತುಪಡಿಸಬೇಕಿತ್ತು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿದ್ದ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬ ಆತಂಕ ಬೇರೆ.

ಪರೀಕ್ಷೆ ನಡೆದದ್ದು 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಯೋಗದಲ್ಲಿ ಶುರುವಾದ ಪುಣೆಯ ವೈರಸ್ ಸಂಶೋಧನಾ ಕೇಂದ್ರದಲ್ಲಿ. ಈ ತನಿಖೆಯಲ್ಲಿ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಖ್ಯರು. ಆ ಕಾಲದ ವಿಧಾನ ಹೇಳಲು ಸರಳ, ನೋಡಲು ಕ್ರೂರ. ರೋಗಿಯ ರಕ್ತವನ್ನೋ ಸತ್ತ ಮಂಗದ ಅಂಗಾಂಶವನ್ನೋ ಹಾಲು ಕುಡಿಯುವ ಇಲಿಮರಿಯ ಮಿದುಳಿಗೆ ಚುಚ್ಚುವುದು. ಮರಿ ಕಾಯಿಲೆ ಬಿದ್ದರೆ ಅದರ ಮಿದುಳನ್ನು ಅರೆದು ಮತ್ತೊಂದು ಮರಿಗೆ ಕೊಡುವುದು. ಕಾಯಿಲೆ ಹೀಗೆ ಮುಂದುವರಿದರೆ ಬೆಳೆಯುವ ಜೀವಿ ಒಳಗಿದೆ ಎಂದರ್ಥ. ವಿಷವಾಗಿದ್ದರೆ ದಾಟಿದಷ್ಟೂ ತೆಳುವಾಗುತ್ತಿತ್ತು. ಆಮೇಲೆ ಪರಿಚಿತ ವೈರಸ್‌ಗಳ ಪ್ರತಿಕಾಯಗಳೊಡನೆ ಹೋಲಿಸಿ ಅದರ ಕುಲ ಗುರುತಿಸುವುದು. ಮಂಗದಲ್ಲೂ ಮನುಷ್ಯನಲ್ಲೂ ಸಿಕ್ಕಿದ್ದು ಒಂದೇ ವೈರಸ್. ಅದು ಹಳದಿ ಜ್ವರದ್ದಲ್ಲ, ರಷ್ಯಾದಲ್ಲಿ ಉಣುಗುಗಳಿಂದ ಹರಡುತ್ತಿದ್ದ ಮಿದುಳುಜ್ವರದ ವೈರಸ್‌ಗೆ ಹತ್ತಿರದ್ದು. ಹೀಗೆ ಅನುಮಾನ ಉಣುಗಿನತ್ತ ತಿರುಗಿತು. ಈ ಜ್ಞಾನಕ್ಕೆ ಬೆಲೆಯೂ ತೆರಬೇಕಾಯಿತು: ಪ್ರಯೋಗಾಲಯದ ಸಿಬ್ಬಂದಿಗೂ ಈ ಜ್ವರ ತಗುಲಿತು.

ಇಂದು ಆರ್‌ಟಿ-ಪಿಸಿಆರ್ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಅದು ಉತ್ತರಿಸುವುದು ಬೇರೆಯದೇ ಪ್ರಶ್ನೆಗೆ. ಅದು ಹುಡುಕುವುದು ವೈರಸ್‌ನ ಆರ್‌ಎನ್‌ಎ ತುಣುಕನ್ನು. ಆ ತುಣುಕು ಸೋಂಕು ತರಬಲ್ಲ ವೈರಸ್‌ನದೋ ಅದರ ಅವಶೇಷವೋ ಅದಕ್ಕೆ ತಿಳಿಯದು. ಅದನ್ನು ತಿಳಿಯಲು ಇಂದಿಗೂ ಮಾದರಿಯನ್ನು ಜೀವಕೋಶಗಳ ಮೇಲೆ ಹಾಕಿ, ಕೋಶಗಳು ಸಾಯುತ್ತವೆಯೇ ಎಂದು ಕಾಯಬೇಕು. 1949ರಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಪೋಲಿಯೊ ವೈರಸ್ಸನ್ನು ನರಕೋಶಗಳಲ್ಲದ ಅಂಗಾಂಶದಲ್ಲಿ ಬೆಳೆಸಿದ ಮೇಲೆ ಈ ದಾರಿ ಅಗಲವಾಯಿತು.

2020ರಲ್ಲಿ ಈ ವ್ಯತ್ಯಾಸ ಮನೆಮನೆಯ ಸಂಕಟವಾಯಿತು. ಮ್ಯೂನಿಕ್‌ನ ಒಂಬತ್ತು ಕೋವಿಡ್ ರೋಗಿಗಳ ಅಧ್ಯಯನದಲ್ಲಿ, ಲಕ್ಷಣ ಕಂಡ ಎಂಟು ದಿನಗಳ ನಂತರದ ಮಾದರಿಗಳಿಂದ ವೈರಸ್ ಬೆಳೆಯಲಿಲ್ಲ. ಆರ್‌ಎನ್‌ಎ ಮಾತ್ರ ಹೇರಳವಾಗಿ ಸಿಗುತ್ತಲೇ ಇತ್ತು. ‘ಪಾಸಿಟಿವ್’ ಎಂಬ ಒಂದೇ ಪದ ಸೋಂಕು ಹರಡಬಲ್ಲವರನ್ನೂ ಆ ಹಂತ ದಾಟಿದವರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಬಲ್ಲದು.

ಹಾಗೆಂದು ಹಳೆಯ ವಿಧಾನವೇ ಅಂತಿಮವಲ್ಲ. ಮಾದರಿ ದಾರಿಯಲ್ಲಿ ಬಿಸಿಗೆ ಕೆಟ್ಟರೆ ರೋಗಿಯ ಮೈಯಲ್ಲಿ ವೈರಸ್ ಇದ್ದರೂ ತಟ್ಟೆಯಲ್ಲಿ ಏನೂ ಬೆಳೆಯದು. ವೈದ್ಯಕೀಯ ಚರಿತ್ರೆಯ ಕಡತಗಳನ್ನು ಓದುವ ನನಗೆ ಇದು ಕಲಿಸಿದ್ದಿಷ್ಟು: ಫಲಿತಾಂಶವನ್ನು ಓದುವ ಮೊದಲು, ಪರೀಕ್ಷೆ ಯಾವ ಪ್ರಶ್ನೆ ಕೇಳಿತ್ತು ಎಂಬುದನ್ನು ಓದಬೇಕು.