ಪೂರ್ವನಾಮ

ವ್ಯಕ್ತಿಗಾಗಲಿ ಸ್ಥಳಕ್ಕಾಗಲಿ ಈಗಿನ ಹೆಸರಿಗೆ ಮುನ್ನ ಇದ್ದ ಹೆಸರು. ವಿವಾಹಿತೆಯ ತವರಿನ ಮನೆತನದ ಹೆಸರನ್ನು ಸೂಚಿಸಲು ಇಂಗ್ಲಿಷಿನಲ್ಲಿ ‘ನೇ’ ಎಂಬ ಫ್ರೆಂಚ್ ಪದವನ್ನು ಬಳಸುವರು. ಕನ್ನಡ ನಾಡಿನ ಪ್ರಾಚೀನ ಪೂರ್ವನಾಮಗಳನ್ನು ಕಾಪಾಡಿಕೊಟ್ಟಿರುವುವು ಮುಖ್ಯವಾಗಿ ಶಾಸನಗಳು.

ಹಳೇಬೀಡಿನ ಪೂರ್ವನಾಮ ದೋರಸಮುದ್ರ. ಅಲ್ಲಿಂದ ಆಳಿದ ಹೊಯ್ಸಳ ವಿಷ್ಣುವರ್ಧನನದು ಬಿಟ್ಟಿದೇವ. ಹಳೇಬೀಡಿನ ನೆರೆಯ ಬಸ್ತಿಹಳ್ಳಿಯಲ್ಲಿ, ಕನ್ನಡಿಯಂತೆ ನುಣುಪಾದ ಕಂಬಗಳಿಂದ ಪ್ರಸಿದ್ಧವಾಗಿರುವ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪನು ತಂದೆಯ ಸ್ಮರಣಾರ್ಥವಾಗಿ ಕಟ್ಟಿಸಿ, ತಂದೆಯ ಬಿರುದಿನಿಂದಲೇ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟನು. ಪ್ರತಿಷ್ಠೆಯ ಶೇಷಾಕ್ಷತೆಯನ್ನು ಅರ್ಚಕರು ಬಂಕಾಪುರಕ್ಕೆ ಒಯ್ದಾಗ, ಆಗಷ್ಟೇ ಯುದ್ಧದಲ್ಲಿ ಜಯವನ್ನೂ ಪುತ್ರೋತ್ಸವವನ್ನೂ ಕಂಡಿದ್ದ ವಿಷ್ಣುವರ್ಧನನು ಸಂತುಷ್ಟನಾಗಿ, ದೇವರಿಗೆ ವಿಜಯಪಾರ್ಶ್ವನೆಂದೂ ಶಿಶುವಿಗೆ ವಿಜಯನರಸಿಂಹನೆಂದೂ ನಾಮಕರಣ ಮಾಡಿದನೆಂದು 1133ರ ಶಾಸನವು ತಿಳಿಸುತ್ತದೆ.

ಕಾಲಕ್ರಮದಲ್ಲಿ ಬಿರುದೂ ವಿಶೇಷಣವೂ ಜನರ ನಾಲಗೆಯಿಂದ ಜಾರಿ, ಪಾರ್ಶ್ವನಾಥ ಬಸದಿ ಎಂಬ ಸರಳ ನಾಮವೇ ರೂಢಿಯಲ್ಲಿ ನಿಂತಿತು. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳು ಒಂದೇ ಆವರಣದಲ್ಲಿರುವ ಈ ಊರಿಗೆ ಬಸ್ತಿಹಳ್ಳಿಯೆಂಬ ಹೆಸರು ಸಾರ್ಥಕವಾಗಿದೆ. ಪೂರ್ವನಾಮದ ಅರಿವಿಲ್ಲದೆ ಶಾಸನಗಳನ್ನು ಓದುವವನಿಗೆ ದೋರಸಮುದ್ರವೂ ಹಳೇಬೀಡೂ ಎರಡು ಊರುಗಳಾಗಿಯೇ ತೋರುವುವಾದ್ದರಿಂದ, ಇತಿಹಾಸದ ವ್ಯಾಸಂಗಕ್ಕೆ ಈ ಅರಿವು ಅತ್ಯವಶ್ಯಕ.